ಮಳೆ ನಿಂತ ಮೇಲೂ ಹರಿಯುವ ಚರಂಡಿ: ಕೆರೆಯ ದುರಸ್ತಿ ಎಲ್ಲಿಂದ ಶುರುವಾಗಬೇಕು?

(ಚಿತ್ರದುರ್ಗದ ನಾಗರಿಕರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಮಳೆ ನಿಂತು ಮೂರು ದಿನವಾಗಿದೆ ಅಂದುಕೊಳ್ಳಿ. ನಾಲ್ಕನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಬಡಾವಣೆಯ ಮಳೆನೀರು ಚರಂಡಿಯ ಪಕ್ಕ ಹೋಗಿ ನಿಲ್ಲಿ. ಅದು ಒಣಗಿರಬೇಕು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ಊರು ಇದು. ಬಂಡೆಯ ಇಳಿಜಾರಿನ ಮೇಲೆ ಹಾಕಿದ ಚರಂಡಿಯಲ್ಲಿ ಮೂರು ದಿನದ ಹಿಂದಿನ ಮಳೆನೀರು ಉಳಿಯುವುದಿಲ್ಲ. ಆದರೂ ಅಲ್ಲಿ ನೀರು ಹರಿಯುತ್ತಿದೆ ಅಂದರೆ ಅದು ಯಾರದೋ ಬಚ್ಚಲಿನದು, ಯಾವುದೋ ಶೌಚಗುಂಡಿಯದು, ಇಲ್ಲವೇ ಒಡೆದ ನಲ್ಲಿ ಪೈಪಿನದು. ಕೆರೆ ಕೆಡುವುದು ಈ ನೀರಿನಿಂದ. ಕೆರೆಯ ದುರಸ್ತಿ ಶುರುವಾಗಬೇಕಾದದ್ದೂ ಇಲ್ಲಿಂದಲೇ.

ಕೆರೆ ಉಳಿಸಬೇಕು ಅಂದ ಕೂಡಲೇ ನಮಗೆ ನೆನಪಾಗುವುದು ಜೆಸಿಬಿ. ಹೂಳು ತೆಗೆಸುತ್ತೇವೆ, ಏರಿಯ ಮೇಲೆ ನಡಿಗೆಗೆ ಕಲ್ಲು ಹಾಸುತ್ತೇವೆ, ಮಧ್ಯೆ ಕಾರಂಜಿ ಇಡುತ್ತೇವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಹಸಿರು ನೀರು, ಅದೇ ಅಂತರಗಂಗೆ. ದುಡ್ಡು ಖರ್ಚಾದ ಮೇಲೆ ಜನರ ನಂಬಿಕೆಯೂ ಹೋಗಿರುತ್ತದೆ. ಕೆಲಸ ತಪ್ಪಲ್ಲ, ಕ್ರಮ ತಪ್ಪು. ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಿದ್ದೇವೆ. ದಿನ್ನೆಯಿಂದ ಕೆರೆಯತ್ತ ಇಳಿಯುತ್ತಾ ಕೆಲಸ ಮಾಡಬೇಕು.

ಇದನ್ನು ಚಿತ್ರದುರ್ಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೋಟೆ ಹತ್ತುವಾಗ ನೀವೆಲ್ಲ ನೋಡಿದ್ದೀರಿ. ಬಂಡೆಗಳ ಮೇಲೆ ಬಿದ್ದ ನೀರು ಮೇಲೆ ಗೋಪಾಲಸ್ವಾಮಿ ಹೊಂಡಕ್ಕೆ ಸೇರುತ್ತದೆ. ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಆಮೇಲೆ ಊರಿನೊಳಗಿನ ಸಂತೆ ಹೊಂಡ. ಒಂದೊಂದು ಹೊಂಡದಲ್ಲೂ ನೀರು ನಿಂತು, ಮರಳು ಕೆಳಗಿಳಿದು, ಮೇಲಿನ ತಿಳಿ ಮಾತ್ರ ಕೋಡಿಯಾಗಿ ಮುಂದೆ ಹೋಗುತ್ತದೆ. ಈಗಿನ ಎಂಜಿನಿಯರುಗಳು ಹೂಳು ತಡೆ ಗುಂಡಿ ಅಂತ ಕರೆಯುವ ಕೆಲಸವನ್ನು ಮೇಲಿನ ಹೊಂಡಗಳು ಕೆಳಗಿನ ಹೊಂಡಗಳಿಗಾಗಿ ಮಾಡುತ್ತಿದ್ದವು. ಮೇಲಿನ ಕೊಂಡಿಗಳು ಬಹುಮಟ್ಟಿಗೆ ಇಂದಿಗೂ ಬಂಡೆಯ ನಡುವೆಯೇ ಇವೆ. ಕೊನೆಯ ಕೊಂಡಿಯ ಸುತ್ತ ಮಾತ್ರ ಊರು ಒತ್ತಾಗಿ ಬೆಳೆದು, ಅದಕ್ಕೆ ಬಂಡೆಯ ನೀರಿನ ಜೊತೆ ಬೀದಿಯ ನೀರೂ ಪಾಲಾಗಿದೆ. ಮಾತು ಬಂತು ಅಂತ ಹೇಳುತ್ತೇನೆ. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ, 4ನೇ ಶತಮಾನದ್ದು. ಅದರಲ್ಲಿ ಅವನು ಗೆದ್ದ ದೇಶಗಳ ಹೆಸರುಗಳಿವೆ ಅನ್ನುವುದನ್ನು ಶಾಲೆಯಲ್ಲಿ ಕಲಿಸುತ್ತೇವೆ. ಆ ಶಾಸನ ಹಾಕಿಸಿದ್ದು ಅಲ್ಲಿನ ಕೆರೆಯ ಕೆಲಸದ ನೆನಪಿಗೆ ಅನ್ನುವುದನ್ನೂ ಮಕ್ಕಳಿಗೆ ಹೇಳಿ.

ಈಗ ಸ್ವಲ್ಪ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಇದೊಂದು ನೆನಪಿದ್ದರೆ ಉಳಿದದ್ದೆಲ್ಲ ಗುಣಾಕಾರ. 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆಯ ಒಂದು ಬಡಾವಣೆ ತೆಗೆದುಕೊಳ್ಳಿ. 25 ಮಿ.ಮೀ. ಮಳೆಗೆ ಅದರ ಮೇಲೆ ಬೀಳುವುದು 25 ಲಕ್ಷ ಲೀಟರ್. ಅದು ಹೊಲವಾಗಿದ್ದಾಗ ಅದರಲ್ಲಿ ಕಾಲು ಭಾಗ, ಆರು ಲಕ್ಷ ಲೀಟರ್ ಚಿಲ್ಲರೆ, ಹರಿದು ಹೋಗುತ್ತಿತ್ತು. ಮನೆ, ಕಾಂಕ್ರೀಟ್ ರಸ್ತೆ, ಅಂಗಳಕ್ಕೆ ಟೈಲ್ಸ್ ಬಂದ ಮೇಲೆ ನೂರಕ್ಕೆ 80 ಭಾಗ ಹರಿಯುತ್ತದೆ, ಅಂದರೆ 20 ಲಕ್ಷ ಲೀಟರ್. ಹರಿವಿನ ರಭಸವೂ ಹಾಗೆಯೇ ಏರುತ್ತದೆ. ಗಂಟೆಗೆ 60 ಮಿ.ಮೀ. ವೇಗದ ಮಳೆ ಬಂದರೆ ಈ 10 ಹೆಕ್ಟೇರಿನ ಕೊನೆಯಲ್ಲಿ ಸೆಕೆಂಡಿಗೆ 1,330 ಲೀಟರ್ ನೀರು ಬಂದು ನಿಲ್ಲುತ್ತದೆ. ಹೊಲವಾಗಿದ್ದಾಗ ಬರುತ್ತಿದ್ದದ್ದು 420 ಲೀಟರ್ ಅಷ್ಟೆ. ಕಾಲುವೆ ಮಾತ್ರ ಹಳೆಯ ಅಳತೆಯದೇ, ಅಥವಾ ಒತ್ತುವರಿಯಾಗಿ ಇನ್ನೂ ಕಿರಿದಾದದ್ದು.

ಇಲ್ಲಿ ಒಂದು ಎಚ್ಚರಿಕೆ, ಮುಖ್ಯವಾಗಿ ಅಂದಾಜು ಪಟ್ಟಿ ತಯಾರಿಸುವ ಎಂಜಿನಿಯರುಗಳಿಗೆ. ಪಟ್ಟಿಯಲ್ಲಿ ‘ಗುಡ್ಡ, ಕುರುಚಲು’ ಅಂತ ಇದ್ದರೆ 0.3 ಗುಣಾಂಕ, ಅಂದರೆ ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು ಅಷ್ಟು ಅಂತ ಹಾಕಿಬಿಡುತ್ತಾರೆ. ನಮ್ಮ ಕೋಟೆಯ ಬದಿಯ ಗುಡ್ಡ ಮಣ್ಣಿನ ಗುಡ್ಡವಲ್ಲ, ಬೋಳು ಬಂಡೆ. ಅಲ್ಲಿ ಒಂದೇ ಒಂದು ಮನೆ ಇಲ್ಲದಿದ್ದರೂ 0.7ಕ್ಕೆ ಕಡಿಮೆ ಹಿಡಿಯಬಾರದು. ಬುಡದ ಬೀದಿಗಳಿಗೆ ನೀರು ನುಗ್ಗುವ ಕಡೆ ಮೊದಲು ಈ ಗುಣಾಂಕವನ್ನು ಪರೀಕ್ಷಿಸಿ.

ನೀರಿನ ಪ್ರಮಾಣ ಆಯಿತು, ಅದರಲ್ಲಿ ಏನಿದೆ ಅನ್ನುವುದು ಮುಂದಿನ ಮಾತು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ಹೆಚ್ಚು ಕಡಿಮೆ ಮಳೆ ಇರುವುದಿಲ್ಲ. ಅಷ್ಟೂ ತಿಂಗಳು ರಸ್ತೆಯ ಮೇಲೆ ಧೂಳು, ಟೈರ್ ಸವೆದ ಪುಡಿ, ಎಂಜಿನ್ ಆಯಿಲ್ ಹನಿ, ದನದ ಸಗಣಿ, ನಾಯಿಯ ಮಲ, ಮಾರುಕಟ್ಟೆಯ ಕೊಳೆತ ಈರುಳ್ಳಿ, ಗುಟ್ಕಾ ಚೀಟಿ ಎಲ್ಲ ಕೂಡಿಕೊಳ್ಳುತ್ತದೆ. ಟೈರಿನಿಂದ, ತಗಡಿನ ಚಾವಣಿಯಿಂದ ಸತು ಬರುತ್ತದೆ. ಬ್ರೇಕಿನಿಂದ ತಾಮ್ರ ಬರುತ್ತದೆ. ಮೇ ತಿಂಗಳಲ್ಲಿ ಗುಡುಗಿನ ಮಳೆ ಬಂದಾಗ ಇದೆಲ್ಲ ಮೊದಲ ಹತ್ತು ಹದಿನೈದು ಮಿ.ಮೀ. ಮಳೆಯಲ್ಲೇ ತೊಳೆದು ಹೋಗುತ್ತದೆ. ಮಳೆ ಗಂಟೆಗಟ್ಟಲೆ ಸುರಿದರೂ ಹೆಚ್ಚಿನ ಕೊಳೆ ಇಳಿಯುವುದು ಮೊದಲ ಅರ್ಧ ಗಂಟೆಯಲ್ಲಿ.

ಮೊದಲ ಮಳೆಗೆ ಕೆರೆಯಲ್ಲಿ ಮೀನು ಸಾಯುವುದನ್ನು ಕಂಡು ಯಾರೋ ವಿಷ ಹಾಕಿದರು ಅಂತ ಹೇಳುವುದುಂಟು. ಬೇಸಿಗೆಯ ಬಿಸಿ ನೀರಿನಲ್ಲಿ ಒಂದು ಲೀಟರಿಗೆ ಕರಗಬಲ್ಲ ಆಮ್ಲಜನಕವೇ 7 ಮಿಲಿಗ್ರಾಂ ಆಸುಪಾಸು. ಹರಿದು ಬಂದ ಕೊಳೆ, ಮೇಲೆದ್ದ ತಳದ ಕಪ್ಪು ಕೆಸರು ಎರಡೂ ಸೇರಿ ಅದನ್ನು ರಾತ್ರೋರಾತ್ರಿ ತಿಂದುಹಾಕುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ, ತಾನೇ ಬಳಸುತ್ತದೆ. ಆಮ್ಲಜನಕ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತವೆ. ವಿಷ ಹಾಕುವವರು ಬೇಕಾಗಿಲ್ಲ.

ಮಳೆಗಾಲದ ಕೊಳೆಗಿಂತಲೂ ದೊಡ್ಡದು ದಿನಾ ಸೇರುವ ಕೊಳಚೆ. ನಮ್ಮಲ್ಲಿ ಮಲ್ಲಾಪುರ ಕೆರೆಯ ಸ್ಥಿತಿ ನಿಮಗೆ ಗೊತ್ತೇ ಇದೆ. ಹೆದ್ದಾರಿಯಲ್ಲಿ ಹೋಗುವವರಿಗೂ ಅದರ ವಾಸನೆ ಗೊತ್ತು. ಹಾಗಾಗಿ ಆರಂಭದಲ್ಲಿ ಹೇಳಿದ ಒಣ ದಿನದ ಹರಿವನ್ನು ಹುಡುಕುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಕಾಲೇಜು ಹುಡುಗರು, ವಾರ್ಡಿನ ಹಿರಿಯರು, ನಗರಸಭೆಯ ಒಬ್ಬ ಸಿಬ್ಬಂದಿ ಸೇರಿದರೆ ಸಾಕು.

ಮಳೆ ನಿಂತು ಕನಿಷ್ಠ 72 ಗಂಟೆ ಆಗಿರಬೇಕು. ಕೆರೆಗೆ ಕಾಲುವೆ ಸೇರುವ ಬಾಯಿಂದ ಶುರುಮಾಡಿ ಮೇಲಕ್ಕೆ ನಡೆಯಿರಿ. ಕಾಲುವೆಗೆ ಬಂದು ಸೇರುವ ಪ್ರತಿ ಕೊಳವೆಗೂ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಒಂದು ಸಂಖ್ಯೆ ಬರೆಯಿರಿ. ಪುಸ್ತಕದಲ್ಲಿ ಕೊಳವೆಯ ವ್ಯಾಸ, ಒದ್ದೆಯೋ ಒಣಗಿದೆಯೋ, ಬಣ್ಣ, ವಾಸನೆ, ನೊರೆ ಇಷ್ಟು ಗುರುತು ಹಾಕಿ. ಸಮಯ ಬೆಳಿಗ್ಗೆ ಆರರಿಂದ ಒಂಬತ್ತು. ಮಧ್ಯಾಹ್ನ ಹೋದರೆ ಮನೆಗಳಲ್ಲಿ ನೀರಿನ ಬಳಕೆ ಕಡಿಮೆ, ಕೊಳವೆ ಒಣಗಿರುತ್ತದೆ, ನೀವು ‘ಸಂಪರ್ಕ ಇಲ್ಲ’ ಅಂತ ಬರೆದುಕೊಂಡು ಬರುತ್ತೀರಿ. ಒಣಗಿದ್ದರೂ ಬಾಯಲ್ಲಿ ಬೂದು ಲೋಳೆ, ಕೂದಲು, ಕಾಗದದ ಚೂರು ಅಂಟಿದ್ದರೆ ಅನುಮಾನ ಬಿಡಬೇಡಿ, ಮತ್ತೊಂದು ದಿನ ಹೋಗಿ.

ಹರಿವು ಸಿಕ್ಕ ಕಡೆ ಒಂದು ಬಾಟಲಿ ನೀರು ಹಿಡಿದು ಎರಡು ಪರೀಕ್ಷೆ ಮಾಡಿ. ಒಂದು ಅಮೋನಿಯಾ, ಇನ್ನೊಂದು ಉಳಿಕೆ ಕ್ಲೋರಿನ್. ಎರಡಕ್ಕೂ ಕೈಯಲ್ಲಿ ಹಿಡಿಯುವ ಕಿಟ್ ಸಿಗುತ್ತದೆ. ಅಮೋನಿಯಾ ಜಾಸ್ತಿ ಇದ್ದರೆ ಶೌಚದ ನೀರು. ಅಮೋನಿಯಾ ಕಡಿಮೆ, ಅಲ್ಲಾಡಿಸಿದರೆ ನೊರೆ ನಿಲ್ಲುತ್ತದೆ ಅಂದರೆ ಬಟ್ಟೆ ಒಗೆದ, ಪಾತ್ರೆ ತೊಳೆದ ನೀರು. ಅಮೋನಿಯಾ ಇಲ್ಲ, ಕ್ಲೋರಿನ್ ಇದೆ ಅಂದರೆ ಸೋರುವ ನಲ್ಲಿ ಪೈಪು. ಎರಡೂ ಇಲ್ಲದಿದ್ದರೆ ಒಸರು ನೀರು ಅಥವಾ ಯಾರದೋ ಬೋರ್‌ವೆಲ್ ನೀರು. ಹೊರದೇಶದ ಕೈಪಿಡಿಗಳಲ್ಲಿ ನಲ್ಲಿ ನೀರನ್ನು ಗುರುತಿಸಲು ಫ್ಲೋರೈಡ್ ಪರೀಕ್ಷೆ ಮಾಡಿ ಅಂತ ಬರೆದಿರುತ್ತದೆ, ಏಕೆಂದರೆ ಅಲ್ಲಿ ಎಷ್ಟೋ ಊರುಗಳಲ್ಲಿ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸುತ್ತಾರೆ. ಅದನ್ನು ಇಲ್ಲಿ ನಂಬಬೇಡಿ. ನಮ್ಮ ಜಿಲ್ಲೆಯಲ್ಲಿ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಇದೆ. ಆ ಪರೀಕ್ಷೆ ಇಲ್ಲಿ ತಲೆಕೆಳಗಾಗುತ್ತದೆ.

ಯಾವ ಮನೆಯದು ಅಂತ ಗೊತ್ತಾಗಬೇಕಾದರೆ ಬಣ್ಣದ ಪರೀಕ್ಷೆ. ಹಾನಿಯಿಲ್ಲದ ಬಣ್ಣವನ್ನು ಶೌಚಾಲಯಕ್ಕೆ ಹಾಕಿ ಎರಡು ಬಕೆಟ್ ನೀರು ಸುರಿಯಬೇಕು. ಒಬ್ಬರು ಮನೆಯಲ್ಲಿ, ಒಬ್ಬರು ಚರಂಡಿಯ ಬಾಯಲ್ಲಿ. ನೇರ ಸಂಪರ್ಕವಿದ್ದರೆ ಕೆಲವೇ ನಿಮಿಷದಲ್ಲಿ ಬಣ್ಣ ಬರುತ್ತದೆ. ನಡುವೆ ಶೌಚಗುಂಡಿ ಇದ್ದರೆ ಗಂಟೆಗಟ್ಟಲೆ ಕಾಯಬೇಕು, ಕೆಲವೊಮ್ಮೆ ಬಣ್ಣ ತೆಳುವಾಗಿ ಕಾಣದೆಯೂ ಹೋಗುತ್ತದೆ. ಪಕ್ಕದ ಮನೆಗೆ ಅದೇ ದಿನ ಅದೇ ಬಣ್ಣ ಹಾಕಬೇಡಿ. ಮನೆಯವರಿಗೆ ಮೊದಲೇ ಹೇಳಿ, ಕೇಳಿ, ಒಪ್ಪಿಸಿ ಮಾಡಿ. ಇದು ದಂಡ ಹಾಕುವ ಕೆಲಸ ಅಂತ ಬಿಂಬಿಸಿದರೆ ಮುಂದಿನ ಬೀದಿಯಲ್ಲಿ ಒಬ್ಬರೂ ಬಾಗಿಲು ತೆಗೆಯುವುದಿಲ್ಲ.

ಅಲ್ಲದೆ ಎಲ್ಲ ಅಕ್ರಮ ಸಂಪರ್ಕವೂ ದುರುದ್ದೇಶದಿಂದ ಆದದ್ದಲ್ಲ. ಬಂಡೆ ಸಿಕ್ಕ ಕಡೆ ಯುಜಿಡಿ (ನೆಲದಡಿಯ ಒಳಚರಂಡಿ) ಕೊಳವೆಯನ್ನು ಬೇಕಾದಷ್ಟು ಆಳಕ್ಕೆ ಇಳಿಸಲು ಆಗಿರುವುದಿಲ್ಲ. ತಗ್ಗಿನಲ್ಲಿರುವ ಮನೆಯ ಬಚ್ಚಲು ಬೀದಿಯ ಮ್ಯಾನ್‌ಹೋಲ್‌ಗಿಂತ ಕೆಳಗಿರುತ್ತದೆ. ಆ ಮನೆಯವರು ಚರಂಡಿಗೆ ಬಿಡದೆ ಬೇರೆ ಏನು ಮಾಡುತ್ತಾರೆ? ಇನ್ನೊಂದು ಸಾಮಾನ್ಯ ಸಂಗತಿ ಹೀಗಿದೆ: ಯುಜಿಡಿ ಕಟ್ಟಿಕೊಂಡಾಗ ಮ್ಯಾನ್‌ಹೋಲಿನ ಗೋಡೆ ಒಡೆದು ಪಕ್ಕದ ಮಳೆನೀರು ಚರಂಡಿಗೆ ದಾರಿ ಮಾಡಿಕೊಡುತ್ತಾರೆ. ‘ತಾತ್ಕಾಲಿಕ’ ಅಂತ ಮಾಡಿದ್ದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಕಾಲುವೆ ಉದ್ದಕ್ಕೂ ನಡೆಯುವಾಗ ಇಂಥ ಒಡೆದ ಜಾಗಗಳನ್ನು ವಿಶೇಷವಾಗಿ ನೋಡಿ. ನೂರು ಮನೆಯ ಕೊಳಚೆ ಇಂಥ ಒಂದು ತೂತಿನಿಂದ ಬರಬಹುದು, ಮುಚ್ಚಲು ಬೇಕಾದದ್ದು ಒಂದು ಚೀಲ ಸಿಮೆಂಟು ಮತ್ತು ಯುಜಿಡಿ ಬಿಡಿಸುವ ಜೆಟ್ಟಿಂಗ್ ಯಂತ್ರ.

ಇದೇ ನಡಿಗೆಯಲ್ಲಿ ಇನ್ನೊಂದನ್ನು ಗಮನಿಸಿ, ಇದು ಕೆರೆಗಿಂತ ತುರ್ತಿನದು. ಮನೆಗೆ ಹೋಗುವ ನಲ್ಲಿ ಪೈಪುಗಳು ಚರಂಡಿಯೊಳಗೇ ಹಾದು ಹೋಗಿರುತ್ತವೆ. ನೀರು ದಿನ ಬಿಟ್ಟು ದಿನ ಬರುವ ಊರಲ್ಲಿ, ನೀರು ನಿಂತ ಕೂಡಲೇ ಪೈಪಿನಲ್ಲಿ ಒತ್ತಡ ಇಳಿದು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಜಾಯಿಂಟ್ ಸಡಿಲವಾಗಿದ್ದರೆ ಎಳೆದುಕೊಳ್ಳುವುದು ಚರಂಡಿಯ ನೀರನ್ನೇ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡ ತುಂಬುವುದು ಅದರಿಂದ. ಅಂಥ ಪೈಪು ಕಂಡರೆ ಅವತ್ತೇ ದೂರು ಕೊಡಿ, ಪೈಪನ್ನು ಚರಂಡಿಯ ಅಂಚಿಗಿಂತ ಮೇಲಕ್ಕೆ ತರಿಸಿ.

ಎಲ್ಲ ಸಂಪರ್ಕವನ್ನೂ ತಕ್ಷಣ ಸರಿಪಡಿಸಲು ಆಗುವುದಿಲ್ಲ. ಅಲ್ಲಿಯವರೆಗೆ ಒಣ ದಿನದ ಹರಿವನ್ನು ಕೆರೆಗೆ ಬಿಡದೆ ಯುಜಿಡಿಗೆ ತಿರುಗಿಸಬಹುದು. ಕೆರೆಗೆ ಸ್ವಲ್ಪ ಮೇಲೆ ಕಾಲುವೆಗೆ ಅಡ್ಡಲಾಗಿ ಗಿಡ್ಡ ಕಟ್ಟೆ ಕಟ್ಟಿ, ಅದರ ಹಿಂದೆ ನಿಂತ ನೀರನ್ನು ಕೊಳವೆಯಲ್ಲಿ ಪಕ್ಕದ ಮ್ಯಾನ್‌ಹೋಲಿಗೆ ಒಯ್ಯುವುದು. ಅಳತೆ ಹೀಗೆ: ಸಾವಿರ ಮನೆ, ಮನೆಗೆ 4.5 ಜನ, ತಲೆಗೆ ದಿನಕ್ಕೆ 135 ಲೀಟರ್, ಅದರಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗುತ್ತದೆ ಅಂದರೆ ದಿನಕ್ಕೆ 4.86 ಲಕ್ಷ ಲೀಟರ್. ಸರಾಸರಿ ಸೆಕೆಂಡಿಗೆ 5.6 ಲೀಟರ್, ಬೆಳಗಿನ ಒತ್ತಡದ ಹೊತ್ತಿಗೆ ಮೂರು ಪಟ್ಟು, 17 ಲೀಟರ್. 200 ಅಡಿಗೆ ಒಂದು ಅಡಿ ಇಳಿಜಾರಿನಲ್ಲಿ 200 ಮಿ.ಮೀ. ಕೊಳವೆ 23 ಲೀಟರ್ ಒಯ್ಯುತ್ತದೆ, ಲೆಕ್ಕಕ್ಕೆ ಸಾಕು. ಆದರೂ 300 ಮಿ.ಮೀ. ಹಾಕಿ, ನಮ್ಮ ಚರಂಡಿಯಲ್ಲಿ ಬರುವ ಕಸಕ್ಕೆ 200 ತಡೆಯುವುದಿಲ್ಲ. ಕೊಳವೆ ದೊಡ್ಡದಾದರೆ ಮಳೆಯ ನೀರೂ ಹೆಚ್ಚು ನುಗ್ಗುತ್ತದೆ, ಅದಕ್ಕಾಗಿ ಬಾಯಲ್ಲಿ ತಗಡಿನ ಗೇಟು ಇರಬೇಕು, ಮಳೆಗಾಲದಲ್ಲಿ ಅದನ್ನು ಇಳಿಸಲು ಒಬ್ಬರಿಗೆ ಜವಾಬ್ದಾರಿ ಇರಬೇಕು. ಗೇಟು ಇಡದ ಕಡೆ ಏನಾಗುತ್ತದೆ? ಮಳೆನೀರು ಯುಜಿಡಿಗೆ ತುಂಬಿ, ಕೆಳಗಿನ ಬೀದಿಯ ಮ್ಯಾನ್‌ಹೋಲ್‌ಗಳು ಉಕ್ಕಿ, ಕೆರೆ ಉಳಿಸಲು ಹೋಗಿ ಆ ಬೀದಿಯ ಮನೆಗಳಿಗೆ ಕೊಳಚೆ ಹೊಗಿಸಿದಂತಾಗುತ್ತದೆ. ಕಟ್ಟೆಯ ಎತ್ತರವೂ ಕಾಲುವೆಯ ಆಳದ ಆರನೇ ಒಂದು ಭಾಗ ಮೀರದಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದೇ ಪ್ರವಾಹಕ್ಕೆ ಅಡ್ಡಿ.

ಕೊಳಚೆಯನ್ನು ಗಿಡ ನೆಟ್ಟು ಶುದ್ಧ ಮಾಡಬಹುದಲ್ಲ ಅಂತ ಕೇಳುವವರಿದ್ದಾರೆ. ಮಾಡಬಹುದು, ಜಾಗದ ಲೆಕ್ಕ ನೋಡಿಕೊಂಡು. ಜಲ್ಲಿಯಲ್ಲಿ ಜೊಂಡು, ಕಾಬಾಳೆ ಬೆಳೆಸುವ ಇಂಥ ಜೌಗಿಗೆ, ಮೊದಲೇ ಘನ ಕೊಳೆ ಇಳಿಸಿದ ನೀರಿಗೂ, ತಲೆಗೆ ಒಂದೂವರೆಯಿಂದ ಎರಡು ಚದರ ಮೀಟರ್ ಬೇಕು. ಈಗ ಹೇಳಿದ ಸಾವಿರ ಮನೆಗೆ ಎರಡು ಎಕರೆ ಆಸುಪಾಸು. ಹಳ್ಳಿಗೆ, ಹಾಸ್ಟೆಲಿಗೆ ಇದು ಚೆನ್ನಾಗಿ ಹೊಂದುತ್ತದೆ. ಕೆರೆಯ ಮೂಲೆಯಲ್ಲಿ ನಾಲ್ಕು ತೇಲುವ ತೆಪ್ಪಕ್ಕೆ ಗಿಡ ನೆಟ್ಟು ಇಡೀ ಊರಿನ ಕೊಳಚೆ ಶುದ್ಧವಾಗುತ್ತದೆ ಅನ್ನುವ ಮಾತನ್ನು ಮಾತ್ರ ಒಪ್ಪಬೇಡಿ.

ಈಗ ಮಳೆಯ ದಿನದ ಕೆಲಸ. ಕೆರೆಗೆ ನೀರು ಸೇರುವ ಮೊದಲು ಕಸಕ್ಕೆ ಜಾಲರಿ, ಮಣ್ಣಿಗೆ ಹೂಳು ಗುಂಡಿ. ಜಾಲರಿಯ ಕಂಬಿಗಳ ನಡುವೆ 40ರಿಂದ 50 ಮಿ.ಮೀ. ಅಂತರ, ನೆಲಕ್ಕೆ 45ರಿಂದ 60 ಡಿಗ್ರಿ ಓರೆ, ಮೇಲಿಂದ ಕಸವನ್ನು ಎಳೆದು ತೆಗೆಯುವಂತಿರಬೇಕು. ನೆಟ್ಟಗೆ ನಿಲ್ಲಿಸಿದ ಜಾಲರಿಗೆ ಪ್ಲಾಸ್ಟಿಕ್ ಅಂಟಿಕೊಂಡರೆ ನೀರಿನ ಒತ್ತಡದಲ್ಲಿ ಕೈಯಿಂದ ಬಿಡಿಸಲಾಗದು. ಜಾಲರಿ ಮಳೆಯ ಮೊದಲ ಹತ್ತು ನಿಮಿಷದಲ್ಲಿ ಕಟ್ಟಿಕೊಳ್ಳುವುದು ಖಚಿತ ಅಂದುಕೊಂಡೇ ವಿನ್ಯಾಸ ಮಾಡಿ. ಪಕ್ಕದಲ್ಲಿ ಪೂರ್ತಿ ಹರಿವು ದಾಟಿ ಹೋಗುವಷ್ಟು ಅಗಲದ ಕೋಡಿ ಬಿಡಬೇಕು. ಅದಿಲ್ಲದ ಜಾಲರಿಗಳಿಂದ ರಸ್ತೆಗೆ ನೀರು ನುಗ್ಗಿ, ಜನ ಸಿಟ್ಟಿನಲ್ಲಿ ಕಂಬಿ ಕತ್ತರಿಸಿ ಹಾಕುತ್ತಾರೆ. ಅವರದು ತಪ್ಪಲ್ಲ.

ಹೂಳು ಗುಂಡಿಯ ವಿಷಯದಲ್ಲಿ ಚಿತ್ರದುರ್ಗಕ್ಕೂ ದಾವಣಗೆರೆಗೂ ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಬರುವುದು ಬಂಡೆ ಸವೆದ ಗರಸು ಮರಳು. 0.1 ಮಿ.ಮೀ. ಕಣವೂ ಸೆಕೆಂಡಿಗೆ 8 ಮಿ.ಮೀ. ಇಳಿಯುತ್ತದೆ, ಒಂದು ಮೀಟರ್ ನೀರಿನಲ್ಲಿ ಎರಡು ನಿಮಿಷಕ್ಕೆ ತಳ ಸೇರುತ್ತದೆ. ದಾವಣಗೆರೆಯ ಎರೆಮಣ್ಣಿನ ಜೇಡಿ ಕಣ 0.002 ಮಿ.ಮೀ. ಇದ್ದು, ಅದೇ ಒಂದು ಮೀಟರ್ ಇಳಿಯಲು ಅಲ್ಲಾಡದ ನೀರಿನಲ್ಲೂ ಮೂರು ದಿನ ಬೇಕು. ಹಾಗಾಗಿ ಇಲ್ಲಿ ಯಶಸ್ವಿಯಾದ ಗುಂಡಿಯ ನಕ್ಷೆಯನ್ನು ಎರೆ ಸೀಮೆಗೆ ಹಾಗೇ ಒಯ್ದರೆ ಕೆಂಪು ಕಪ್ಪು ಬಗ್ಗಡ ಹಾಗೇ ದಾಟಿ ಹೋಗುತ್ತದೆ. ಗುಂಡಿಯಲ್ಲಿ ಮುಖ್ಯ ಆಳವಲ್ಲ, ಮೇಲ್ಮೈ. ಸೆಕೆಂಡಿಗೆ 300 ಲೀಟರ್ ಹರಿವಿಗೆ 0.1 ಮಿ.ಮೀ. ಕಣ ಹಿಡಿಯಲು ಲೆಕ್ಕದ ಪ್ರಕಾರ 38 ಚದರ ಮೀಟರ್. ಸುಳಿ, ರಭಸ ಎಲ್ಲ ಸೇರಿಸಿ ಅದರ ಎರಡರಷ್ಟು, 75 ಚದರ ಮೀಟರ್ ಕೊಡಿ. ಅಗಲಕ್ಕಿಂತ ಉದ್ದ ಮೂರು ಪಟ್ಟಾದರೂ ಇರಲಿ, ಅಂದರೆ 5 ಮೀಟರ್ ಅಗಲ, 15 ಮೀಟರ್ ಉದ್ದ. ಒಂದು ಬದಿಗೆ ಟ್ರ್ಯಾಕ್ಟರ್ ಇಳಿಯುವ ಇಳಿಜಾರು ಬೇಕೇ ಬೇಕು. ಇಳಿಯಲು ದಾರಿ ಇಲ್ಲದ ಗುಂಡಿಯನ್ನು ಮೊದಲ ವರ್ಷದ ನಂತರ ಯಾರೂ ಸ್ವಚ್ಛ ಮಾಡುವುದಿಲ್ಲ. ತುಂಬಿದ ಗುಂಡಿ ಮುಂದಿನ ಜೋರು ಮಳೆಗೆ ಹಿಡಿದದ್ದನ್ನೆಲ್ಲ ಒಟ್ಟಿಗೆ ಕೆರೆಗೆ ತಳ್ಳುತ್ತದೆ. ಅರ್ಧ ತುಂಬಿದಾಗಲೇ ತೆಗೆಯಬೇಕು. ಗೋಡೆಯ ಮೇಲೆ ಅರ್ಧದ ಗುರುತಿಗೆ ಕೆಂಪು ಗೆರೆ ಎಳೆದುಬಿಡಿ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೊಳಚೆ ಸೇರುವ ಗುಂಡಿ, ಮುಚ್ಚಿದ ಮೋರಿ, ಮ್ಯಾನ್‌ಹೋಲ್ ಯಾವುದಕ್ಕೂ ಮನುಷ್ಯರನ್ನು ಇಳಿಸಬಾರದು. ಕೆಸರು ಕೆದಕಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ, ಎರಡು ಉಸಿರಿಗೆ ಜ್ಞಾನ ತಪ್ಪುತ್ತದೆ. ಕೈಯಿಂದ ಮಲ ಬಾಚುವ ಕೆಲಸಕ್ಕೆ ಜನರನ್ನು ಹಚ್ಚುವುದನ್ನು, ರಕ್ಷಣೆಯಿಲ್ಲದೆ ಮ್ಯಾನ್‌ಹೋಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಗುತ್ತಿಗೆ ಪತ್ರದಲ್ಲಿ ಯಂತ್ರದ ಬಾಡಿಗೆಯನ್ನೂ ಸೇರಿಸಿಯೇ ದರ ಕೇಳಿ. ಸೇರಿಸದಿದ್ದರೆ ಕೊನೆಗೆ ಯಾರನ್ನು ಇಳಿಸುತ್ತಾರೆ ಅನ್ನುವುದು ನಮಗೆಲ್ಲ ಗೊತ್ತು.

ಹುಟ್ಟಿದ ಜಾಗದಲ್ಲೇ ತಡೆಯಬೇಕಾದ ಕೊಳೆಗಳೂ ಇವೆ. ವಾಹನ ತೊಳೆಯುವ ಕಡೆ ಮೂರು ಕೋಣೆಯ ತೊಟ್ಟಿ ಸಾಕು. ಮೊದಲನೆಯದರಲ್ಲಿ ಮಣ್ಣು ನಿಲ್ಲುತ್ತದೆ, ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲುತ್ತದೆ, ಮೂರನೆಯದಕ್ಕೆ ನೀರು ತಳದಿಂದ ಬರುವ ಹಾಗೆ ಬಗ್ಗಿಸಿದ ಪೈಪು. ಗಂಟೆಗೆ 500 ಲೀಟರ್ ಬಳಸುವ ಸರ್ವಿಸ್ ಸ್ಟೇಷನ್ನಿಗೆ ಒಟ್ಟು 500 ಲೀಟರ್ ಹಿಡಿಯುವ ತೊಟ್ಟಿ ಇದ್ದರೆ ನೀರು ಒಂದು ಗಂಟೆ ನಿಲ್ಲುತ್ತದೆ. ಕೆಡುವುದು ಎಲ್ಲಿ? ಸೋಪಿನ ಪುಡಿ ಧಾರಾಳ ಹಾಕಿದಾಗ ಎಣ್ಣೆ ನೀರಿನಲ್ಲಿ ಹಾಲಿನಂತೆ ಬೆರೆತು ತೇಲದೆ ದಾಟಿಬಿಡುತ್ತದೆ. ಎಣ್ಣೆ ಬಿಡಿಸುವ ಭಾಗಗಳನ್ನು ಬೇರೆ ತಟ್ಟೆಯಲ್ಲಿ ಸೀಮೆಎಣ್ಣೆ ಹಚ್ಚಿ ಒರೆಸಬೇಕು, ತೊಳೆಯುವ ನೆಲದ ಮೇಲೆ ಅಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿಯದು ಬೇರೆ ತೊಂದರೆ. ಅದು ಹಗುರ, ಮೊದಲು ತೇಲುತ್ತದೆ, ತಿರುವುಗಳಲ್ಲಿ ಕೂತು ಎರೆಮಣ್ಣಿನ ಜೊತೆ ಗಟ್ಟಿಯಾಗುತ್ತದೆ. ಬೂದಿಯನ್ನು ಒದ್ದೆ ಮಾಡಿ ಚೀಲದಲ್ಲಿಟ್ಟು ಚಾವಣಿಯಡಿ ಇಟ್ಟರೆ ಇಟ್ಟಿಗೆ ಗೂಡಿನವರು ಕೊಳ್ಳುತ್ತಾರೆ. ಬಯಲಲ್ಲಿ ಸುರಿದರೆ ಚರಂಡಿಗೆ ಸೇರುತ್ತದೆ.

ಶಾಲೆ, ಕಲ್ಯಾಣ ಮಂಟಪ, ಬಸ್ ನಿಲ್ದಾಣದಂಥ ಕಡೆ ಮಳೆನೀರನ್ನು ಸೋಸಿ ಇಂಗಿಸುವ ತಗ್ಗು ತೋಟ ಮಾಡಬಹುದು. ಮೊದಲು ಮಣ್ಣು ಪರೀಕ್ಷೆ. ಒಂದಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದು ನೀರು ತುಂಬಿ ಒಂದು ರಾತ್ರಿ ಬಿಡಿ. ಮರುದಿನ ಮತ್ತೆ 15 ಸೆಂ.ಮೀ. ನೀರು ಹಾಕಿ ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. 12 ಮಿ.ಮೀ.ಗಿಂತ ಕಡಿಮೆ ಇಳಿದರೆ ತಳದಲ್ಲಿ ನೀರು ಹೊರಹೋಗುವ ತೂತಿನ ಪೈಪು ಬೇಕು. ಎರೆಮಣ್ಣಿನಲ್ಲಿ ಅದು ಕಡ್ಡಾಯ, ಮತ್ತು ಮನೆಯ ಪಾಯದ ಪಕ್ಕ ಇಂಗುಗುಂಡಿ ಮಾಡಲೇಬಾರದು, ಆ ಮಣ್ಣು ಉಬ್ಬಿ ಗೋಡೆ ಸೀಳುತ್ತದೆ. ಚಿತ್ರದುರ್ಗದಲ್ಲಿ ಮೂರಡಿಗೇ ಬಂಡೆ ಸಿಗುವ ಕಡೆಯೂ ಇಂಗುವುದಿಲ್ಲ, ಅಲ್ಲಿ ಪೈಪಿನ ಬಾಯಿಯನ್ನು ನೀರಿನ ಸಂಪ್‌ಗೆ ಕೊಡಿ.

500 ಚದರ ಮೀಟರ್ ಪಾರ್ಕಿಂಗ್ ಜಾಗಕ್ಕೆ ಅದರ ಶೇ. 5, ಅಂದರೆ 25 ಚದರ ಮೀಟರ್ ತೋಟ. ತಳದಲ್ಲಿ 20 ಸೆಂ.ಮೀ. ದಪ್ಪಕ್ಕೆ 20 ಮಿ.ಮೀ. ಗಾತ್ರದ ಜಲ್ಲಿ, ಅದರೊಳಗೆ 100 ಮಿ.ಮೀ. ತೂತಿನ ಪಿವಿಸಿ ಪೈಪು. ಅದರ ಮೇಲೆ 5ರಿಂದ 10 ಸೆಂ.ಮೀ. ಬೇಬಿ ಜಲ್ಲಿ. ಈ ಜಾಗದಲ್ಲಿ ಬಟ್ಟೆ ಹಾಸುವ ರೂಢಿ ಇದೆ, ಎರಡು ವರ್ಷದಲ್ಲಿ ಅದು ಕಟ್ಟಿಕೊಳ್ಳುತ್ತದೆ, ಬೇಡ. ಮೇಲೆ 60 ಸೆಂ.ಮೀ. ಸೋಸುವ ಮಣ್ಣು: ಹೆಚ್ಚು ಪಾಲು ತೊಳೆದ ಮರಳು, ಸ್ವಲ್ಪ ಕೆಂಪು ಮಣ್ಣು, ಗೊಬ್ಬರ ಹತ್ತರಲ್ಲಿ ಒಂದು ಪಾಲು ಮೀರಬಾರದು. ಗಿಡ ಚೆನ್ನಾಗಿ ಬರಲಿ ಅಂತ ಸಗಣಿ ಗೊಬ್ಬರ ತುಂಬಿಸಿದರೆ ಸೋಸಿ ಬಂದ ನೀರಿನಲ್ಲೇ ರಂಜಕ ಹೆಚ್ಚಾಗಿ ಕೆರೆಗೆ ಪಾಚಿ ಬಡಿಸಿದಂತೆ. ಎಂ-ಸ್ಯಾಂಡ್ ಬಳಸುವುದಾದರೆ ಅದರ ಪುಡಿ ಹೋಗುವ ತನಕ ತೊಳೆಯಿರಿ. ಮೇಲೆ 15 ಸೆಂ.ಮೀ. ನೀರು ನಿಲ್ಲುವ ತಗ್ಗು. ಇದೆಲ್ಲ ಸೇರಿ ಸುಮಾರು 9,500 ಲೀಟರ್ ಹಿಡಿಯುತ್ತದೆ. 25 ಮಿ.ಮೀ. ಮಳೆಯಲ್ಲಿ ನೂರಕ್ಕೆ 90 ಭಾಗ ಹರಿದರೆ ಆ ಪಾರ್ಕಿಂಗಿನಿಂದ ಬರುವುದು 11,250 ಲೀಟರ್. ಕೊಳೆ ಹೊತ್ತ ಮೊದಲ ನೀರಷ್ಟೂ ಸಿಕ್ಕಿತು, ಉಳಿದದ್ದು ಕೋಡಿಯಾಗಿ ಹೋಗಲಿ. ನೀರು 24 ಗಂಟೆಯೊಳಗೆ ಇಳಿಯಬೇಕು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ ಬೇಕು, ಹಾಗಾಗಿ 24 ಗಂಟೆಯಲ್ಲಿ ಬರಿದಾಗುವ ತಗ್ಗಿನಿಂದ ಭಯವಿಲ್ಲ. ಬೇಸಿಗೆಯ ಐದು ತಿಂಗಳು ನೀರಿಲ್ಲದೆ ಬದುಕುವ ಲಾವಂಚ, ಗರಿಕೆ ನೆಡಿ.

ಇಷ್ಟಾದ ಮೇಲೆ ಕೆರೆಯ ಹೂಳು. ಕೊಳಚೆ ಕುಡಿದ ಕೆರೆಯ ತಳದಲ್ಲಿ ರಂಜಕ ಕೂತಿರುತ್ತದೆ. ಮೇಲಿನ ಹರಿವು ನಿಲ್ಲಿಸಿದರೂ ಅದು ವರ್ಷಗಟ್ಟಲೆ ನೀರಿಗೆ ಬಿಡುಗಡೆಯಾಗುತ್ತಾ ಹಸಿರು ಕಟ್ಟುತ್ತದೆ. ಹೂಳು ತೆಗೆಯಲು ನಿಜವಾದ ಕಾರಣ ಇದು, ಆಳ ಹೆಚ್ಚಿಸುವುದು ಎರಡನೆಯದು. ಬೇಸಿಗೆಯಲ್ಲಿ ನೀರು ಬತ್ತಿದಾಗ ಕಪ್ಪು ಪದರವನ್ನಷ್ಟೇ ತೆಗೆಯಿರಿ, ಕೆಳಗಿನ ಗಟ್ಟಿ ಜೇಡಿಯನ್ನು ಒಡೆದರೆ ಕೆರೆ ನೀರು ನಿಲ್ಲಿಸುವುದಿಲ್ಲ. ಏರಿಯ ಬುಡದಲ್ಲಿ ಅಗೆಯಬಾರದು, ಏರಿ ಕುಸಿಯುತ್ತದೆ. ಹೊಲಕ್ಕೆ ಹೊಡೆಯುವ ಮೊದಲು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಪರೀಕ್ಷೆ ಮಾಡಿಸಿ. ಹಳ್ಳಿ ಕೆರೆಯ ಗೋಡು ರೈತರಿಗೆ ಬಂಗಾರ, ಆದರೆ ಗ್ಯಾರೇಜುಗಳ ನೀರು ಕುಡಿದ ಕೆರೆಯದು ಹಾಗಲ್ಲ. ಅಂತರಗಂಗೆ ತೆಗೆದರೆ ಅದನ್ನು ಏರಿಯ ಮೇಲೆ ರಾಶಿ ಹಾಕಬೇಡಿ. ಕೊಳೆತು ಮೊದಲ ಮಳೆಗೆ ಅದರ ಸಾರವೆಲ್ಲ ಮತ್ತೆ ಕೆರೆಗೇ. ಮತ್ತೆ, ನೀರು ಹೆಚ್ಚು ನಿಲ್ಲಲಿ ಅಂತ ಕೋಡಿಯನ್ನು ಎತ್ತರಿಸುವ ಒತ್ತಾಯ ಬರುತ್ತದೆ. ಏರಿಯ ಲೆಕ್ಕ ಮಾಡದೆ ಒಂದು ಇಂಚೂ ಎತ್ತರಿಸಬೇಡಿ.

ಇದೆಲ್ಲ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗಬೇಕಾದರೆ ಅಳೆಯಬೇಕು. ಕೆಲಸ ಶುರುಮಾಡುವ ಮೊದಲಿನ ಮಳೆಯಲ್ಲೇ ಅಳೆಯಿರಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಕಾಲುವೆ ಕೆರೆ ಸೇರುವ ಕಡೆ, ನೀರು ಬರಲು ಶುರುವಾದ ಕ್ಷಣದಿಂದ ಐದು ನಿಮಿಷಕ್ಕೊಂದರಂತೆ ಅರ್ಧ ಗಂಟೆ, ಆಮೇಲೆ ಇಪ್ಪತ್ತು ನಿಮಿಷಕ್ಕೊಂದರಂತೆ ಒಂದು ಗಂಟೆ ಬಾಟಲಿ ತುಂಬಿಸಿ. ಕೋಲಿಗೆ ಬಾಟಲಿ ಕಟ್ಟಿ ದಡದಿಂದಲೇ ಹಿಡಿಯಿರಿ, ಮಳೆಯಲ್ಲಿ ಯಾರೂ ಕಾಲುವೆಗೆ ಇಳಿಯಬಾರದು. ಸಾಲಾಗಿ ಇಟ್ಟು ನೋಡಿದರೆ ಯಾವ ಬಾಟಲಿಯವರೆಗೆ ಕಪ್ಪು ಇದೆ ಅಂತ ಕಣ್ಣಿಗೇ ಕಾಣುತ್ತದೆ, ತಗ್ಗು ತೋಟ, ತಿರುವು ಕಟ್ಟೆಗಳ ಅಳತೆಗೆ ಅದೇ ಆಧಾರ. ಬಿಒಡಿ (ಕೊಳೆ ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ) ಪರೀಕ್ಷೆಗೆ ಐಸ್ ಡಬ್ಬಿಯಲ್ಲಿ ಇಟ್ಟು 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಕೊಡಿ. ಸ್ನಾನಕ್ಕೆ ಯೋಗ್ಯವಾದ ನೀರಿಗೆ ಅದು ಲೀಟರಿಗೆ 3 ಮಿಲಿಗ್ರಾಂ ಒಳಗಿರಬೇಕು. ಮಲದ ಕೋಲಿಫಾರ್ಮ್, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, 100 ಮಿಲಿಲೀಟರಿಗೆ 500ರ ಒಳಗಿರಬೇಕು, ಹೆಚ್ಚೆಂದರೆ 2,500. ಈ ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿ ಬೇಕು, ಆರು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ಶನಿವಾರ ರಾತ್ರಿ ಮಳೆ ಬಂದು ಭಾನುವಾರ ಪ್ರಯೋಗಾಲಯ ಮುಚ್ಚಿದ್ದರೆ ಆ ಒಂದು ಪರೀಕ್ಷೆಯನ್ನು ಬಿಟ್ಟುಬಿಡಿ. ಹಳಸಿದ ಬಾಟಲಿಯ ಅಂಕಿಗಿಂತ ಅಂಕಿ ಇಲ್ಲದಿರುವುದು ಮೇಲು. ಉಳಿದ ಬಾಟಲಿಗಳನ್ನು ಸಾಲಾಗಿಟ್ಟು, ಸಮಯ ಬರೆದ ಚೀಟಿ ಕಾಣುವಂತೆ ಫೋಟೊ ತೆಗೆದಿಡಿ.